ಅವ್ವನ ಅಂಗೈ ಕೆಳಗೆ ಅಪ್ಪನ ಅಂಗೈ

ನನ್ನಪ್ಪ ತನ್ನ ಲೋಟಕ್ಕೆ ತಾನೇ ನೀರು ಬಗ್ಗಿಸಿಕೊಂಡಿದ್ದನ್ನು ನಾನು ನೋಡಿದವಳಲ್ಲ. ಕುದೇರು ಕಡೆಯ ನಮ್ಮೂರಿನಲ್ಲಿ ಅರಿಸಿನ, ಸಣ್ಣ ಈರುಳ್ಳಿ ಬೆಳೆಯುವ ಗಂಡಸರೆಲ್ಲ ಹೆಚ್ಚುಕಡಿಮೆ ಹಾಗೆಯೇ. ಹೊಲದಲ್ಲಿ ಮೈಮುರಿದು ದುಡಿಯುವುದು, ಮನೆಗೆ ಬಂದರೆ ದೊರೆಯ ಹಾಗೆ ಕೂರುವುದು. ಅಪ್ಪನನ್ನು ಊಟದಿಂದ ಎಬ್ಬಿಸುವ ಶಕ್ತಿ ಇದ್ದದ್ದು ಕರೆಂಟಿಗೆ ಮಾತ್ರ. ತ್ರೀ ಫೇಸ್ ಬಂತೆಂದರೆ ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ಮೋಟಾರ್ ಹಾಕಲು ಓಡುತ್ತಿದ್ದ. "ಮುದ್ದೆ ಎಲ್ಲೂ ಓಗಲ್ಲ, ಕರೆಂಟ್ ಓಯ್ತದೆ" ಅನ್ನುತ್ತಿದ್ದ. ಅವ್ವ ಗೊಣಗಿಕೊಂಡು ತಟ್ಟೆ ಮುಚ್ಚಿಡುತ್ತಿದ್ದಳು.

ಅಪ್ಪನ ಕೈ ಮಾತ್ರ ಬಲು ಚುರುಕು. ಅರಿಸಿನದ ಮೂಟೆಯನ್ನು ಒಮ್ಮೆ ಎತ್ತಿ ಇಳಿಸಿದನೆಂದರೆ ತೂಕ ಹೇಳಿಬಿಡುತ್ತಿದ್ದ. ಗುಂಡ್ಲುಪೇಟೆಯಿಂದ ಬರುತ್ತಿದ್ದ ವ್ಯಾಪಾರಿಯೊಬ್ಬ ಅಪ್ಪನನ್ನು ಕಂಡರೆ "ತಕ್ಕಡಿ ಬಂತು ನೋಡ್ರಪ್ಪ" ಎಂದು ಕೀಟಲೆ ಮಾಡುತ್ತಿದ್ದ. ಅಪ್ಪ ನಗುತ್ತಿರಲಿಲ್ಲ, ಆದರೆ ಒಳಗೊಳಗೇ ಹಿಗ್ಗುತ್ತಿದ್ದ ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು.

ನನ್ನನ್ನು ಗುಂಡ್ಲುಪೇಟೆಗೆ ಕೊಟ್ಟು ಎಷ್ಟೋ ವರ್ಷಗಳಾದ ಮೇಲೆ ಅವ್ವನಿಗೆ ಲಕ್ವ ಹೊಡೆಯಿತು. ಮಾತು ಉಳಿಯಿತು, ಎಡಗೈ ಬಿದ್ದುಹೋಯಿತು. ನೋಡಿಕೊಳ್ಳಲು ನಾನು ತವರಿಗೆ ಬಂದೆ. ಆಸ್ಪತ್ರೆಯಲ್ಲಿ ಅವ್ವನಿಗೆ ಮಂಪರಿನಲ್ಲೇ ದಿನ ಕಳೆದವು. ಮನೆಗೆ ಬಂದ ಮೇಲೆ ಶುರುವಾಯಿತು ನಿಜವಾದ ಪೇಚಾಟ.

ಅವ್ವ ಲಿಂಗಪೂಜೆಯಾಗದೆ ಬಾಯಿಗೆ ಹನಿ ನೀರು ಹಾಕಿದವಳಲ್ಲ. ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟು, ಬಲಗೈಯಿಂದ ನೀರೆರೆದು, ವಿಭೂತಿ ಧರಿಸಿ, ಪತ್ರೆ ಏರಿಸಬೇಕು. ಮನೆಗೆ ಬಂದ ಮೊದಲ ಬೆಳಿಗ್ಗೆ ಲಿಂಗ ಅವಳ ಅಂಗೈಯಿಂದ ಜಾರಿ ಮಡಿಲಿಗೆ ಬಿತ್ತು. ಅವ್ವ ಅದನ್ನು ಕಣ್ಣಿಗೊತ್ತಿಕೊಂಡು ಕರಡಿಗೆಗೆ ಹಾಕಿದಳು. ಆಮೇಲೆ ಊಟ ಬಿಟ್ಟಳು.

ಬಟ್ಟಲಲ್ಲಿಟ್ಟು ಪೂಜೆ ಮಾಡಬಹುದೆಂದು ಮಠದ ಸ್ವಾಮಿಗಳೇ ಹೇಳಿ ಕಳಿಸಿದರು. "ಲಿಂಗ ಇರ್ಬೇಕಾದ್ದು ಮೈಮ್ಯಾಲೆ. ಬಟ್ಲು ನನ್ನ ಮೈಯಾ?" ಎಂದಳು ಅವ್ವ. ನಾನು ಅತ್ತೆ, ಗದರಿದೆ. ಏನೂ ನಡೆಯಲಿಲ್ಲ. ಎರಡನೆಯ ದಿನಕ್ಕೆ ತುಟಿ ಒಣಗಿ, ಮಾತೂ ಕ್ಷೀಣಿಸಿತು. ಇವಳು ಹೋಗಿಬಿಡುತ್ತಾಳೆ ಎಂದೇ ನಾನು ತಿಳಿದೆ.

ಆ ಬೆಳಿಗ್ಗೆ ಅಪ್ಪ ಹೊಲದಿಂದ ಬಂದ. ಮಿಂದು, ತನ್ನ ಪೂಜೆ ಮುಗಿಸಿದ. ಆಮೇಲೆ ಅವಳ ಎಡಕ್ಕೆ ಒಂದು ಮಣೆ ಎಳೆದುಕೊಂಡು ಕೂತು, ಬಿದ್ದುಹೋದ ಕೈಯನ್ನು ಎತ್ತಿ, ಅದರ ಕೆಳಗೆ ತನ್ನ ಅಂಗೈ ಇಟ್ಟ.

"ಇಟ್ಕೊ. ಲಿಂಗ ನಿಂದು, ಕೈ ನಿಂದು. ನಾನು ಬರೀ ಇಡ್ಕೊಂಡಿವ್ನಿ."

ಅವ್ವ ಅವನ ಮುಖವನ್ನೇ ನೋಡಿದಳು.

"ಮಾಡು, ಒತ್ತಾಯ್ತದೆ" ಎಂದ.

ಲಿಂಗ ಜಾರಲಿಲ್ಲ. ಅವ್ವ ಎರೆದ ನೀರು ಎರಡು ಅಂಗೈಗಳ ಅಂಚಿನಿಂದ ಅಪ್ಪನ ಮೊಣಕೈವರೆಗೂ ಇಳಿಯಿತು. ಅವನು ಅಲುಗಲಿಲ್ಲ. ಪೂಜೆ ಮುಗಿದ ಮೇಲೆ ಅವ್ವ ಗಂಜಿ ಕುಡಿದಳು. ನಾನು ಹಿತ್ತಲಿಗೆ ಹೋಗಿ ಅತ್ತು ಬಂದೆ.

ಒಂದು ದಿನ ಮಾಡಿದ್ದರೆ ಅದು ದೊಡ್ಡ ಮಾತಲ್ಲ. ಅಪ್ಪ ಅದನ್ನು ವರ್ಷಗಟ್ಟಲೆ ಮಾಡಿದ. ಬೆಳಗಿನ ಪಾಳಿಯ ಕರೆಂಟ್ ಬಂದಿರುತ್ತಿತ್ತು, ಮೋಟಾರ್ ಕಾಯುತ್ತಿತ್ತು. ಕೇರಳಕ್ಕೆ ಹೋಗುವ ಈರುಳ್ಳಿ ಲಾರಿ ಮನೆ ಮುಂದೆ ಹಾರ್ನ್ ಹೊಡೆಯುತ್ತಿತ್ತು. ಅಪ್ಪ ನಡುಮನೆಯ ಮಣೆಯಿಂದ ಏಳುತ್ತಿರಲಿಲ್ಲ. ಮುದ್ದೆ ಬಿಟ್ಟು ಓಡುತ್ತಿದ್ದ ಆ ಮನುಷ್ಯನೇ ಇವನು ಎಂದು, ತವರಿಗೆ ಹೋದಾಗಲೆಲ್ಲ ನನಗೆ ನಂಬಲಾಗುತ್ತಿರಲಿಲ್ಲ. ಮದುವೆಗೋ ತಿಥಿಗೋ ಹೋದರೂ ಸಂತೆಮರಹಳ್ಳಿಯಿಂದ ಕಡೆಯ ಬಸ್ಸಿಗಾದರೂ ವಾಪಸಾಗುತ್ತಿದ್ದ. ಬೇರೆಯವರ ಮನೆಯಲ್ಲಿ ರಾತ್ರಿ ತಂಗುವುದನ್ನೇ ಬಿಟ್ಟ. ನೀರು ಮಾತ್ರ ಈಗಲೂ ಬೇರೆಯವರೇ ಬಗ್ಗಿಸಿಕೊಡಬೇಕಿತ್ತು, ಅದೂ ನಿಜ.

ಹೋದ ವರ್ಷ ಅರಿಸಿನ ಅಗೆಯುವ ಕಾಲದಲ್ಲಿ, ಹೊಲದ ಬದುವಿನ ಮೇಲೆ ಕೂತವನು ಹಾಗೇ ಒರಗಿಬಿಟ್ಟ.

ನಮ್ಮಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲೇ, ಕೂತ ಭಂಗಿಯಲ್ಲಿ ಮಣ್ಣು ಮಾಡುತ್ತಾರೆ. ಅಪ್ಪನನ್ನೂ ಗುಣಿಯ ಪಕ್ಕ ಕೂರಿಸಿ ವಿಭೂತಿ ಹಚ್ಚಿದರು. ಎಡ ಅಂಗೈಯಲ್ಲಿ ಅವನ ಲಿಂಗವನ್ನಿಟ್ಟು ಬಟ್ಟೆ ಕಟ್ಟಬೇಕಿತ್ತು. ಆ ಕೈ ನಿಲ್ಲಲಿಲ್ಲ, ಇಟ್ಟ ಹಾಗೆಲ್ಲ ವಾಲುತ್ತಿತ್ತು. ಇಬ್ಬರು ತಡಕಾಡುತ್ತಿದ್ದಾಗ ಕುರ್ಚಿಯಲ್ಲಿ ಕೂತಿದ್ದ ಅವ್ವ ಮುಂದಕ್ಕೆ ಬಾಗಿದಳು. ತನ್ನ ಎಡಗೈ ಎತ್ತಿ, ಅವನ ಅಂಗೈ ಕೆಳಗೆ ಇಟ್ಟು ಹಿಡಿದಳು. ಕಟ್ಟಿ ಮುಗಿಯುವವರೆಗೂ ಆ ಕೈ ನಡುಗಲಿಲ್ಲ.

ಮನೆಗೆ ಬಂದ ಮೇಲೆ ತಡೆಯಲಾಗದೆ ಕೇಳಿದೆ, "ಯಾವಾಗಿಂದವ್ವ, ಕೈ ಬಂದಿರದು?"

"ಬೋ ದಿನ ಆಯ್ತು ಕಣಮ್ಮಿ."

"ಅಪ್ಪಂಗೆ ಗೊತ್ತಿರ್ಲಿಲ್ವಾ?"

"ಮೂಟೆ ಎತ್ತಿ ತೂಕ ಏಳೋ ಮನ್ಸ. ನನ್ನ ಕೈ ಅಗುರಾಗಿದ್ದು ಗೊತ್ತಾಗ್ದೇ ಇದ್ದದಾ? ಅವ್ರು ಕೇಳ್ನಿಲ್ಲ. ನಾನೂ ಬಾಯ್ಬುಡ್ನಿಲ್ಲ. ಕೇಳ್ಬುಟ್ರೆ ಮಾರ್ನೆ ದಿನದಿಂದ ಜೊತೇಲಿ ಕೂತ್ಕಳಕೆ ನೆಪ ಎಲ್ಲಿತ್ತು?"

ಆ ಒರಟು ಗಂಡಸು, ಲಾರಿ ಕಾಯಿಸಿ, ಕರೆಂಟ್ ಬಿಟ್ಟು, ಆಧಾರವೇ ಬೇಕಿಲ್ಲದ ಕೈಗೆ ದಿನಾ ಆಧಾರ ಕೊಡುತ್ತಾ ಕೂತಿದ್ದ. ನನ್ನಪ್ಪ ಎಷ್ಟು ದೊಡ್ಡವನೆಂದು ಅಂದು ತಿಳಿಯಿತು.

ಮಾರನೆಯ ಬೆಳಿಗ್ಗೆ ಅವ್ವ ಮಿಂದು ಬಂದಳು. ಅವಳು ಊಟ ಬಿಟ್ಟಾಳೆಂಬ ಹಳೆಯ ಹೆದರಿಕೆ ನನಗೆ. ಎಡಗಡೆ ಅಪ್ಪನ ಮಣೆಯನ್ನೂ ಹಾಕಿಸಿ, ತಾನೊಬ್ಬಳೇ ಕೂತಳು. ಅಂಗೈ ಚಾಚಿ ಲಿಂಗವಿಟ್ಟು ನೀರೆರೆದಳು. ಅದು ಜಾರಲಿಲ್ಲ. ನೀರು ಅವಳ ಕೈಯಿಂದ ಖಾಲಿ ಮಣೆಯ ಮೇಲೆ ತೊಟ್ಟಿಕ್ಕಿತು. ಪೂಜೆ ಮುಗಿಸಿ, ಸೆರಗಿನಿಂದ ಆ ಮಣೆ ಒರೆಸಿ, "ಉಣ್ಣಕೆ ಏನ್ ಮಾಡಿದ್ದಿ, ತಕ್ಕೊಂಡ್ ಬಾ" ಎಂದಳು.