ಮೀಸೆ ವಾರ್ಡರ್‌ಗೆ ಹಲ್ಲಿನ ವಿಭಾಗದ ಕಾವಲು

ಜೈಲಿನಲ್ಲಿ ಎಲ್ಲರೂ ಅವರನ್ನು ಮೀಸೆ ವಾರ್ಡರ್ ಎನ್ನುತ್ತಿದ್ದರು. ಮೀಸೆ ಅಂಥ ಭಾರಿಯದೇನಲ್ಲ; ಆದರೆ ಒಮ್ಮೆ ಅದನ್ನು ಸವರಿಕೊಳ್ಳದೆ ಅವರ ಬಾಯಿಂದ ಮಾತು ಹೊರಡುತ್ತಿರಲಿಲ್ಲ. ಬೀಗ, ಬೀಗದ ಕೈ, ಹಾಜರಿ ಕೂಗುವುದು, ಇಷ್ಟರಲ್ಲೇ ತಲೆ ನರೆತ ಮನುಷ್ಯ. ಲೈಂಗಿಕ ಅಪರಾಧಕ್ಕೆ ಶಿಕ್ಷೆಯಾದವರಿಗೆ ಇನ್ನು ಜೈಲಿನಲ್ಲೇ ಚಿಕಿತ್ಸೆ ಕೊಡುತ್ತಾರೆ, ಆ ಕೋಣೆಯ ಕಾವಲು ನಿಮ್ಮದು ಎಂದು ಸಾಹೇಬರು ಹೇಳಿದಾಗ ಅವರು ಮೀಸೆಯನ್ನು ಎರಡೂ ಕಡೆ ಸವರಿಕೊಂಡು, ದಿನಕ್ಕೆ ಎಷ್ಟು ಇಂಜೆಕ್ಷನ್ ಸಾರ್ ಎಂದು ಕೇಳಿದರು. ಇಂಜೆಕ್ಷನ್ ಇಲ್ಲ, ಮಾತು ಎಂದರು ಸಾಹೇಬರು. ಮಾತಿಗೆ ಈ ಜೈಲಿನಲ್ಲಿ ಯಾವತ್ತು ಬರ ಬಂದಿತ್ತು ಎಂದು ಮೀಸೆ ವಾರ್ಡರ್ ಮನಸ್ಸಿನಲ್ಲೇ ಅಂದುಕೊಂಡರು.

ಹಳೆಯ ಕಂಬಳಿ ಉಗ್ರಾಣವನ್ನು ಖಾಲಿ ಮಾಡಿಸಿ ಕುರ್ಚಿಗಳನ್ನು ದುಂಡಗೆ ಹಾಕಿದರು. ನುಸಿಗುಳಿಗೆಯ ವಾಸನೆಗೆ ಎಲ್ಲರಿಗೂ ಸೀನು. ಆಪ್ತಸಮಾಲೋಚಕಿ ಮೇಡಂ ಸಣ್ಣ ದನಿಯವರು, ಆದರೆ ಹಿಡಿದ ಮಾತನ್ನು ಬಿಡುವವರಲ್ಲ. ಲಾಠಿ ಹಿಡಿದು ಬಾಗಿಲಲ್ಲಿ ನಿಂತರೆ ಒಳಗೆ ಯಾರೂ ಬಾಯಿ ಬಿಡುವುದಿಲ್ಲ ಎಂದು ಮೀಸೆ ವಾರ್ಡರನ್ನೂ ಕುರ್ಚಿಯಲ್ಲಿ ಕೂರಿಸಿದರು. ಕಾಲಡಿಯಲ್ಲಿಟ್ಟ ಲಾಠಿ ಆಗಾಗ ಉರುಳಿಕೊಂಡು ಎದುರಿನ ಕೈದಿಯ ಹತ್ತಿರ ಹೋಗುತ್ತಿತ್ತು. ಅವನು ಮರ್ಯಾದೆಯಿಂದ ಎತ್ತಿ ಕೊಡುತ್ತಿದ್ದ.

ಜೈಲಿನಲ್ಲಿ ಕೊಲೆ ಮಾಡಿದವನೂ ಈ ಅಪರಾಧದವರನ್ನು ಕಂಡರೆ ಮೂಗು ಮುರಿಯುತ್ತಾನೆ. ಅದಕ್ಕೇ ಚಿಕಿತ್ಸೆಗೆ ಬರುವವರು ತಮ್ಮ ಬ್ಯಾರಕ್ಕಿನಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತೇವೆ ಎಂದು ಹೇಳಿಕೊಂಡರು. ಡಾಕ್ಟರ ಕೋಣೆ ಪಕ್ಕದಲ್ಲೇ ಇತ್ತು. ಒಂದು ದಿನ ನಿಜವಾಗಿಯೂ ಕೆನ್ನೆ ಊದಿದ ಕಳ್ಳನೊಬ್ಬ ದಾರಿ ತಪ್ಪಿ ಬಂದು ಕುರ್ಚಿಯಲ್ಲಿ ಕುಳಿತ. ಯಾಕೆ ಬಂದಿರಿ ಎಂದು ಮೇಡಂ ಮೃದುವಾಗಿ ಕೇಳಿದರು.

"ನೋವು ಮೇಡಂ. ತಡ್ಕೊಳ್ಳಕ್ಕೆ ಆಗ್ತಿಲ್ಲ."

"ಎಲ್ಲಿಂದ ಶುರುವಾಯ್ತು ಹೇಳಿ."

"ಕೆಳಗಿನ ದವಡೆಯಿಂದ."

ಅವತ್ತು ಆ ಕೋಣೆಯಲ್ಲಿ ಮೊದಲ ಸಲ ನಗು ಕೇಳಿಸಿತು.

ಸುಳ್ಳು ಹೇಳಿದ್ದು ಕೈದಿಗಳಷ್ಟೇ ಅಲ್ಲ. ಮನೆಯಲ್ಲಿ ಹೆಂಡತಿ ಹೊಸ ಕೆಲಸವೇನು ಎಂದು ಕೇಳಿದಾಗ ಮೀಸೆ ವಾರ್ಡರ್ ಕೂಡ ಹಲ್ಲಿನ ವಿಭಾಗ ಎಂದುಬಿಟ್ಟಿದ್ದರು. ಹೆಂಡತಿ ಅದನ್ನು ತವರಿಗೆ ಮುಟ್ಟಿಸಿದಳು. ಮರುವಾರವೇ ಅತ್ತೆ ಬಂದಿಳಿದು, ಕರವಸ್ತ್ರದಲ್ಲಿ ಸುತ್ತಿದ ಹಲ್ಲಿನ ಸೆಟ್ಟನ್ನು ಅಳಿಯನ ಊಟದ ತಟ್ಟೆಯ ಪಕ್ಕದಲ್ಲಿಟ್ಟು, ಒಂದು ಕಡೆ ಚುಚ್ಚುತ್ತದೆ, ಸ್ವಲ್ಪ ನೋಡಿ ಎಂದರು. ಮಾನ ಉಳಿಸಿಕೊಳ್ಳಲು ಅಳಿಯ ಬಚ್ಚಲಿಗೆ ಹೋಗಿ ಅದನ್ನು ಅರದಿಂದ ಉಜ್ಜಿದರು. ಅಂದಿನಿಂದ ಅತ್ತೆ "ಸಾಕು" ಎಂದಾಗಲೆಲ್ಲ ಸೀಟಿ ಹೊಡೆದಂತೆ ಕೇಳಿಸುತ್ತಿತ್ತು.

ಕೋಣೆಯಲ್ಲಿ ಒಬ್ಬ ಬಡಗಿಯಿದ್ದ. ಪಕ್ಕದ ಮನೆಯ ಹೆಂಗಸಿನ ಮೇಲೆ ಬಲಾತ್ಕಾರ ಮಾಡಿ ಬಂದವನು. ಅದೇನೋ ಆಗಿಹೋಯಿತು, ಗ್ರಹಚಾರ ಎಂಬುದರಾಚೆ ಅವನ ಮಾತು ದಾಟುತ್ತಲೇ ಇರಲಿಲ್ಲ. ಒಂದು ದಿನ ಮೀಸೆ ವಾರ್ಡರ್ ತಡೆಯಲಾರದೆ ಎದ್ದು ನಿಂತು, ಗ್ರಹ ಬಂದು ಮಾಡಿತೇನೋ ಎಂದು ಗದರಿದರು. ಬಡಗಿ ಬಾಯಿ ಹೊಲಿದುಕೊಂಡ. ಮೇಡಂ ವಾರ್ಡರನ್ನು ಹೊರಗೆ ಕರೆದರು.

"ನಿಮ್ಮ ಸಿಟ್ಟು ತಪ್ಪಲ್ಲ. ಆದ್ರೆ ನಿಮಗೆ ಹೆದರಿ ಅವನು ಒಪ್ಕೊಂಡ್ರೆ, ನೀವಿಲ್ಲದ ಕಡೆ ಆ ಒಪ್ಪಿಗೆ ಉಳಿಯಲ್ಲ."

ಅದು ಅವರ ಮನಸ್ಸಿಗೆ ನಾಟಿತು. ಆಮೇಲೆ ಬಾಯಿಗೆ ಬೀಗ ಹಾಕಿಕೊಂಡು ಕುಳಿತರು. ತಾವು ಹೇಳಿದ ಒಂದು ಸುಳ್ಳನ್ನು ಎಲ್ಲರೂ ಹೇಳಿಕೊಳ್ಳಬೇಕು ಎಂದು ಮೇಡಂ ಒಮ್ಮೆ ಕೇಳಿದಾಗ ಸರದಿ ಅವರಿಗೂ ಬಂತು. ಅತ್ತೆಯ ಹಲ್ಲಿನ ಕಥೆ ಪೂರ್ತಿ ಹೊರಬಿತ್ತು, ಸೀಟಿಯ ಸಮೇತ. ಕೈದಿಗಳು ಹೊಟ್ಟೆ ಹಿಡಿದು ನಕ್ಕರು. ನಾಚಿಕೆಯಿಂದ ಹಾಗೆ ಹೇಳಿದೆ, ಮೋಸ ಮಾಡಿದ್ದು ನಾನೇ ಎಂದು ಅವರು ಮಾತು ಮುಗಿಸಿದರು. ಬಡಗಿ ಮಾತ್ರ ನಗಲಿಲ್ಲ.

ಮುಂದೆ ಯಾವಾಗಲೋ, ಯಾರೂ ಕೇಳದೆಯೇ, ನೆಲ ನೋಡುತ್ತ ಅವನು ಹೇಳಿದ: "ಅವ್ರು ಬೇಡ ಅಂದ್ರು. ನನಗೆ ಕೇಳಿಸ್ತು. ಕೇಳಿಸದವನ ಹಾಗೆ ಮಾಡಿದೆ."

ಕೋಣೆಯಲ್ಲಿ ಸೀನು ಕೂಡ ನಿಂತುಹೋಯಿತು. ಮೇಡಂ ಅವನನ್ನು ಹೊಗಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಆ ಹೆಂಗಸು ಅವತ್ತಿನಿಂದ ಹೇಗೆ ಬದುಕುತ್ತಿರಬಹುದು, ಮುಂದಿನ ಸಲ ಅದರ ಬಗ್ಗೆ ಮಾತಾಡೋಣ ಎಂದಷ್ಟೇ ಹೇಳಿದರು.

ಅಂದು ಸಂಜೆ ಮೀಸೆ ವಾರ್ಡರ್ ಮನೆಯಲ್ಲಿ ನಿಜ ಹೇಳಿದರು. ಸಿಡಿದದ್ದು ಅತ್ತೆ. ಮೊದಲು ತಮ್ಮ ಹಲ್ಲಿಗಾಗಿ, ಆಮೇಲೆ ಅಸಲು ವಿಷಯಕ್ಕೆ.

"ಅಂಥೋರಿಗೆ ಯಾಕೆ ಅಳಿಯಂದ್ರೇ ಇಷ್ಟು ಉಪಚಾರ? ಆ ಹೆಣ್ಣಿಗೆ ಯಾರು ಮಾಡ್ತಾರೆ?"

ಆ ಹೆಣ್ಣಿಗೂ ಮಾಡಬೇಕಾದ್ದೇ ಎಂದು ಅಳಿಯ ಒಪ್ಪಿಕೊಂಡರು. ಮೊದಲನೆಯ ಪ್ರಶ್ನೆಗೆ ಮೀಸೆ ಸವರಿಕೊಂಡು ಹೇಳಿದರು: "ಒಂದಲ್ಲ ಒಂದು ದಿನ ಅವರು ಹೊರಗೆ ಬರ್ತಾರೆ ಅತ್ತೆ. ಯಾರದೋ ಪಕ್ಕದ ಮನೇಲಿ ಇರ್ತಾರೆ. ಒಳಗೆ ಹೋದ ಹಾಗೇ ವಾಪಸ್ ಬರೋದು ಬೇಡ ಅಂತ."

ಅತ್ತೆ ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ಹಲ್ಲಿನ ಸೆಟ್ಟನ್ನು ಮಾತ್ರ ನಿಜವಾದ ಹಲ್ಲಿನ ಡಾಕ್ಟರ ಹತ್ತಿರ ತೆಗೆದುಕೊಂಡು ಹೋದರು.

ಎಲ್ಲರೂ ಬದಲಾದರು ಎಂದೇನೂ ಅಲ್ಲ. ಒಬ್ಬ ಚಿಕಿತ್ಸೆಯನ್ನು ನಡುವೆಯೇ ಬಿಟ್ಟ. ಇನ್ನೊಬ್ಬ ಇಂದಿಗೂ ತನ್ನದು ಸುಳ್ಳು ಕೇಸು ಎನ್ನುತ್ತಾನೆ. ಬಡಗಿ ಶಿಕ್ಷೆ ಮುಗಿಸಿ ಬೇರೆ ಊರಿನಲ್ಲಿ ಕೆಲಸ ಹಿಡಿದ. ಚಿಕಿತ್ಸೆ ಮುಂದುವರಿಯಲೆಂದು ವಾರಕ್ಕೊಮ್ಮೆ ಬಂದು ಮೇಡಂ ಮುಂದೆ ಕೂರಬೇಕು. ಒಂದು ಸಲ ಜೈಲಿನ ಗೇಟಿನಲ್ಲಿ ಮೀಸೆ ವಾರ್ಡರನ್ನು ನಿಲ್ಲಿಸಿಕೊಂಡು ತನ್ನ ಪೇಚಾಟ ಹೇಳಿದ. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಬಾಗಿಲು ಕೂರಿಸುವ ಕೆಲಸಕ್ಕೆ ಕಂಟ್ರಾಕ್ಟರ್ ಕರೆದಿದ್ದ. ಅಲ್ಲಿಗೆ ತಾನು ಹೋಗಬಾರದೆಂದು ಇವನು ಬೇಡ ಎಂದ. ಕಂಟ್ರಾಕ್ಟರ್ ಕೂಲಿ ಹೆಚ್ಚಿಸಿದ. ಇವನು ಮತ್ತೆ ಬೇಡ ಎಂದ. ಅವನು ಮತ್ತೆ ಹೆಚ್ಚಿಸಿದ. ಊರಲ್ಲೇ ಇಷ್ಟು ಬೆಲೆಯ ಬಡಗಿ ಇನ್ನೊಬ್ಬನಿಲ್ಲ ಎಂದು ಈಗ ಸುದ್ದಿಯಾಗಿ, ನಾಲ್ಕು ಕಡೆಯಿಂದ ಕರೆ ಬರುತ್ತಿದೆಯಂತೆ.

"ಯಾಕೆ ಬೇಡ ಅಂತ ಏನು ಹೇಳ್ಲಿ ಸಾರ್ ಆ ಕಂಟ್ರಾಕ್ಟರಿಗೆ?"

ಮೀಸೆ ವಾರ್ಡರ್ ಮೀಸೆ ಸವರಿಕೊಂಡರು. ಮೇಡಂ ಇನ್ನೂ ಒಳಗಿದ್ದಾರೆ, ಕೇಳೋಣ ಬಾ ಎಂದು ಅವನನ್ನು ಕರೆದುಕೊಂಡು ಒಳಗೆ ನಡೆದರು.