ಕಿಯೆಮ್ ಮೇಷ್ಟ್ರ ಕಾಲ್ಗುಣ

ಹುವೆ ಪಟ್ಟಣದ ನದಿ ದಂಡೆಯ ಮಾರುಕಟ್ಟೆಗೆ ಬೆಳ್ಳಂಬೆಳಗ್ಗೆ ಕಿಯೆಮ್ ಮೇಷ್ಟ್ರು ಕಾಲಿಟ್ಟರೆ ಸಾಕು, ಅಂಗಡಿಯ ಹೆಂಗಸರೆಲ್ಲ ಬೆನ್ನು ತಿರುಗಿಸಿ ಬುಟ್ಟಿ ಸರಿಮಾಡುವ ನಾಟಕ ಹೂಡುತ್ತಿದ್ದರು. ಪಾಪ, ಮನುಷ್ಯ ಕೆಟ್ಟವರಲ್ಲ. ನಿವೃತ್ತ ಇಂಗ್ಲಿಷ್ ಮೇಷ್ಟ್ರು, ಒಂಟಿ ಜೀವ, ಇಸ್ತ್ರಿ ಮುರಿಯದ ಅಂಗಿ. ಆದರೆ ಬೋಣಿಗೆ ಮುಂಚೆಯೇ ಬಂದು ಬೆಲೆ ಕೇಳಿ, ಮೀನಿನ ಕಿವಿರು ಎತ್ತಿ ನೋಡಿ, "ಆಮೇಲೆ ನೋಡೋಣ" ಎಂದು ಮುಂದೆ ಹೋಗಿಬಿಡುವ ಚಾಳಿ. ಅವರು ಅತ್ತ ಹೋದದ್ದೇ ತಡ, ಮೀನು ಮಾರುವ ಮುಂಗ್ ಕಾಗದದ ಚೂರಿಗೆ ಬೆಂಕಿ ಹಚ್ಚಿ ಬುಟ್ಟಿಯ ಸುತ್ತ ನಿವಾಳಿಸಿ ಚರಂಡಿಗೆ ಎಸೆಯುತ್ತಿದ್ದಳು.

ಬೋಣಿಯ ಮಾತು ಹಾಗಿರಲಿ, ಅವರ ಕಾಲ್ಗುಣದ ಕತೆ ಇನ್ನೂ ದೊಡ್ಡದು. ತೇತ್ ಹಬ್ಬದ ದಿನ, ಅಂದರೆ ಹೊಸ ವರ್ಷದ ಮೊದಲ ದಿನ, ಮನೆಗೆ ಯಾರು ಮೊದಲು ಕಾಲಿಡುತ್ತಾರೋ ಇಡೀ ವರ್ಷ ಅವರ ಕಾಲ್ಗುಣದಂತೆ ನಡೆಯುತ್ತದೆ ಎಂದು ಊರಿಗೆ ಊರೇ ನಂಬಿದೆ. ಅದಕ್ಕೇ ಒಳ್ಳೆಯ ಕಾಲಿನವರನ್ನು ಹುಡುಕಿ ಮುಂಚೆಯೇ ಹೇಳಿಟ್ಟಿರುತ್ತಾರೆ. ಒಂದು ವರ್ಷ ಮೇಷ್ಟ್ರು ತಮ್ಮನ ಮನೆಗೆ ಮೊದಲು ಹೋದರು. ಬಿರುಗಾಳಿ ಬಂದು ಸೂರು ಹಾರಿತು. ಇನ್ನೊಂದು ವರ್ಷ ಗೆಳೆಯನ ಮನೆಗೆ ಹೋದರು. ಗೆಳೆಯನ ಹೆಂಡತಿ ದೋಣಿಯವನ ಜೊತೆ ಹಾರಿದಳು. ಅಲ್ಲಿಗೆ ಮೇಷ್ಟ್ರ ಹಣೆಬರಹ ಮುಗಿಯಿತು. "ಮೂಢನಂಬಿಕೆ, ಬರೀ ಮೂಢನಂಬಿಕೆ!" ಎಂದು ಅವರು ವರ್ಷವಿಡೀ ಬೈಯುವರು. ಹಬ್ಬದ ದಿನ ಮಾತ್ರ ಮಧ್ಯಾಹ್ನವಾಗುವ ತನಕ ತಮ್ಮ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಆಮೇಲೆ ಹೋದರೆ ಎಲ್ಲರ ಮನೆಯಲ್ಲೂ ಟೀ ಆರಿರುತ್ತಿತ್ತು, ಮನೆಯವರು ತೂಕಡಿಸುತ್ತಿರುತ್ತಿದ್ದರು. ಒಂದೇ ಒಂದು ತೇತ್ ಹಬ್ಬಕ್ಕಾದರೂ ಯಾರಾದರೂ ಬಾಗಿಲಲ್ಲಿ ನಿಂತು ತನಗಾಗಿ ಕಾಯಬೇಕು ಎಂಬುದು ಅವರ ಆಸೆ. ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ, ಅಷ್ಟೆ.

ಮಧ್ಯಾಹ್ನ ಮಾರುಕಟ್ಟೆ ಮಂಪರಿಗೆ ಜಾರಿದಾಗ ಎಳ್ಳುಮಿಠಾಯಿಯ ಲುವಾಳ ಅಂಗಡಿಯ ಹಿಂದೆ ಇದೇ ಹೆಂಗಸರಿಗೆ ಅವರು ಇಂಗ್ಲಿಷ್ ಹೇಳಿಕೊಡುತ್ತಿದ್ದರು. ವಿದೇಶಿ ಗಿರಾಕಿಗಳೊಡನೆ ಚೌಕಾಸಿ ಮಾಡಲು ಇಂಗ್ಲಿಷ್ ಬೇಕಲ್ಲ! ಲುವಾ ವಿಧವೆ, ನಾಲಿಗೆ ಚುರುಕು. ಹಿಂದಿನ ವರ್ಷದ ನೆರೆಯಲ್ಲಿ ಅಂಗಡಿ ಕೊಚ್ಚಿಹೋಗಿ, ಈಗಷ್ಟೇ ಹೊಸದು ಕಟ್ಟಿದ್ದಳು. ಮೇಷ್ಟ್ರದು ಒಂದೇ ಕಟ್ಟಳೆ: ಹೊಸ ಪದ ಕಲಿತರೆ ಅದನ್ನು ಹಾಕಿ ತಮ್ಮ ಬದುಕಿನ ನಿಜವನ್ನೇ ಹೇಳಬೇಕು, ಪುಸ್ತಕದ ವಾಕ್ಯ ಒಪ್ಪಿಸಬಾರದು.

ಹಬ್ಬದ ಹಿಂದಿನ ವಾರ ಅವರು ಹಲಗೆಯ ಮೇಲೆ 'ಸ್ಟಾರ್ಟ್ ಆಫ್' ಎಂದು ಬರೆದರು.

"ಇದು ಬರೀ ಶುರುವಾಗೋದಲ್ಲ. ಶುರು ಹೀಗಿತ್ತು, ಆಮೇಲೆ ಬೇರೆ ಥರ ಆದ್ರೂ ಆಗಬಹುದು ಅಂತ ಜಾಗ ಬಿಟ್ಟು ಹೇಳೋ ಮಾತು. ಬೆಳಿಗ್ಗೆ ಮೋಡ ಇತ್ತು, ಆಮೇಲೆ ಬಿಸಿಲು ಬಂತು ಅಂತೀವಲ್ಲ, ಅಲ್ಲಿ ಹಾಕಿ. ಮುಂಗ್, ನೀವು ಹೇಳಿ."

ಮುಂಗ್ ಎದ್ದು ನಿಂತಳು. "ಮೈ ಡೇ ಸ್ಟಾರ್ಟೆಡ್ ಆಫ್ ವಿತ್ ಟೀಚರ್. ಆಮೇಲೆ ಒಂದು ಮೀನೂ ಹೋಗ್ಲಿಲ್ಲ."

ಹೆಂಗಸರು ಸೆರಗಿಲ್ಲದ್ದಕ್ಕೆ ಟೋಪಿಯನ್ನೇ ಬಾಯಿಗೆ ಅಡ್ಡ ಹಿಡಿದು ನಕ್ಕರು. ಮೇಷ್ಟ್ರ ಕಿವಿ ಕೆಂಪಾಯಿತು. ಆದರೆ ವಾಕ್ಯದಲ್ಲಿ ಹೇಳಿಕೊಳ್ಳುವಂಥ ತಪ್ಪಿರಲಿಲ್ಲ. "ಸರಿಯಾಗಿದೆ," ಎಂದು ಒಪ್ಪಲೇಬೇಕಾಯಿತು.

"ನಾನು ಬಳುಕೋ ಸೊಂಟದಿಂದ ಸ್ಟಾರ್ಟ್ ಆಫ್ ಮಾಡಿದ್ದೆ," ಎಂದಳು ಟೋಪಿ ಮಾರುವವಳು. "ಆಮೇಲೆ ಮದುವೆ ಆಯ್ತು."

ಕೊನೆಗೆ ಲುವಾಳ ಸರದಿ. ಅವಳು ಮೇಷ್ಟ್ರ ಮುಖವನ್ನೇ ನೋಡುತ್ತ ಹೇಳಿದಳು: "ವಿ ಸ್ಟಾರ್ಟೆಡ್ ಆಫ್ ಬೈ ಲಾಫಿಂಗ್ ಅಟ್ ಹಿಮ್. ಮೊದಮೊದಲು ಅವರನ್ನು ನೋಡಿ ನಗ್ತಿದ್ವಿ."

"ಆಮೇಲೆ?"

"ಆಮೇಲಿಂದು ಇನ್ನೂ ಆಗಿಲ್ವಲ್ಲ ಮೇಷ್ಟ್ರೇ! ನಿಜ ಆಗ್ಲಿ, ಹೇಳ್ತೀನಿ."

ಮೇಷ್ಟ್ರು ಹಲಗೆ ಒರೆಸುವ ನೆವದಲ್ಲಿ ಅತ್ತ ತಿರುಗಿದರು. ಅಷ್ಟರಲ್ಲಿ ಮುಂಗ್, "ಅಕ್ಕಾ, ಈ ಸಲ ನಿನ್ನ ಮನೆಗೆ ಮೊದಲು ಕಾಲಿಡೋಕೆ ಯಾರಿಗೆ ಹೇಳಿದೀಯ?" ಎಂದು ಕೇಳಿದಳು. "ಇನ್ಯಾರು, ಔಷಧಿ ಅಂಗಡಿ ಡಾಂಗ್ ಅವರೇ," ಎಂದಳು ಲುವಾ. ಡಾಂಗ್ ಎಂದರೆ ಮೂವರು ಗಂಡುಮಕ್ಕಳ ತಂದೆ, ಗುಂಡುಕಲ್ಲಿನಂಥ ಆಳು, ಊರಿಗೆಲ್ಲ ಅವರದೇ ಕಾಲು. "ಒಳ್ಳೇದು, ಒಳ್ಳೇದು," ಎಂದರು ಮೇಷ್ಟ್ರು. ಅವರಿಗೆ ಒಳಗೊಳಗೇ ಚುರುಕ್ಕೆಂದಿತು.

ಹಬ್ಬದ ಬೆಳಿಗ್ಗೆ ಮೇಷ್ಟ್ರು ಹೊಸ ಅಂಗಿ ತೊಟ್ಟು ಕುರ್ಚಿಯಲ್ಲಿ ಕೂತರು. ಅಕ್ಕಪಕ್ಕದ ಮನೆಗಳಲ್ಲಿ ನಗು, ಶುಭಾಶಯ, ಮಕ್ಕಳ ಗಲಾಟೆ. ಹೊತ್ತು ನೆತ್ತಿಗೆ ಬಂದ ಮೇಲೆ ಶುಂಠಿ ಮುರಬ್ಬದ ಪೊಟ್ಟಣ ಹಿಡಿದು ಹೊರಟವರ ಕಾಲು ಅದಾಗಿಯೇ ಲುವಾಳ ಓಣಿಗೆ ತಿರುಗಿತು. ಅವಳು ಸೊಂಟಕ್ಕೆ ಕೈಕೊಟ್ಟು ಬಾಗಿಲಲ್ಲೇ ನಿಂತಿದ್ದಳು.

"ಡಾಂಗ್ ಬಂದು ಹೋದ್ರಾ?" ಎಂದರು ಮೇಷ್ಟ್ರು, ಅಂಗಳದಾಚೆಯಿಂದಲೇ.

"ನಾನೇ ಬೇಡ ಅಂದೆ."

"ಮತ್ತೆ ಯಾರು ಬಂದ್ರು?"

"ಒಂದು ನರಪಿಳ್ಳೆಯೂ ಬಂದಿಲ್ಲ. ಮುಂಗ್‌ನೂ ಇಲ್ಲಿಂದಲೇ ವಾಪಸ್ ಕಳಿಸಿದೆ. ಬೆಳಗಿಂದ ಉಪವಾಸ ನಿಂತಿದೀನಿ ಕಣ್ರೀ! ನೀವು ಮಧ್ಯಾಹ್ನದ ತನಕ ಮನೇಲಿ ಅಡಗಿ ಕೂತ್ರೆ ನಾನೇನು ಮಾಡ್ಲಿ?"

ಮೇಷ್ಟ್ರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಎರಡು ಹೆಜ್ಜೆ ಹಿಂದೆ ಸರಿದರು. ಇಷ್ಟು ವರ್ಷ ಬಯಸಿದ್ದು ಕಣ್ಣೆದುರಿಗಿತ್ತು, ಕಾಲೇ ಏಳಲಿಲ್ಲ. "ಬೇಡ. ನಾನು ಇದನ್ನೆಲ್ಲ ನಂಬಲ್ಲ, ಆದ್ರೆ... ಅಂಗಡಿ ಹೊಸದು. ನಿನಗೆ ಏನಾದ್ರೂ ಆದ್ರೆ ನನ್ನ ಕೈಲಿ ತಡ್ಕೊಳ್ಳೋಕಾಗಲ್ಲ, ಲುವಾ."

ಎಂದೂ ಬಹುವಚನ ಬಿಡದ ಮನುಷ್ಯ! ಲುವಾ ಸೊಂಟದ ಮೇಲಿನ ಕೈ ತೆಗೆದು ಅಂಗಳ ದಾಟಿ ಅವರ ಎದುರಿಗೇ ಬಂದಳು.

"ಹೋದ ವರ್ಷ ಡಾಂಗ್ ಅವರ ಚಿನ್ನದಂಥ ಕಾಲು ಬಂತು. ಏನಾಯ್ತು? ನನ್ನ ಎಳ್ಳುಮಿಠಾಯಿಯೆಲ್ಲ ನದಿ ಮೀನು ತಿಂದ್ವು. ಒಳ್ಳೇ ಕಾಲು ನೋಡಿದ್ದು ಸಾಕು. ಈ ಸಲ ಊರಿಗೇ ಕೆಟ್ಟ ಕಾಲಿಂದ ಶುರು ಮಾಡ್ತೀನಿ. ಅದಕ್ಕಿಂತ ಕೆಳಗಿಳಿಯೋಕೆ ವರ್ಷಕ್ಕೆ ಜಾಗ ಎಲ್ಲಿದೆ?"

ಹೀಗೆಂದವಳೇ ಅಂಗಿಯ ತೋಳು ಹಿಡಿದು ಎಳೆದಳು. ಮೇಷ್ಟ್ರು ಯಾವ ಕಾಲು ಮೊದಲಿಟ್ಟರೋ ಅವರಿಗೇ ಗೊತ್ತಾಗಲಿಲ್ಲ.

"ಯಾರೇ ಅದು?" ಒಳಗಿನಿಂದ ಲುವಾಳ ಮುದಿ ತಾಯಿ ಕೂಗಿದಳು.

"ಕಿಯೆಮ್ ಮೇಷ್ಟ್ರು, ಅಮ್ಮ."

"ಅಯ್ಯೋ, ಬಾಗಿಲು ಹಾಕೇ!"

"ಒಳಗೆ ಬಂದಾಯ್ತು."

ಆಮೇಲೆ ಮುದುಕಿಯ ನಿಟ್ಟುಸಿರು ಕೇಳಿಸಿತು. "ಇವತ್ತು ಹಬ್ಬ, ಮನೆಯಿಂದ ಕಸ ಕೂಡ ಆಚೆ ಗುಡಿಸೋ ಹಾಗಿಲ್ಲ, ಇನ್ನು ಈ ಮನುಷ್ಯನ್ನ ಹೇಗೆ ಆಚೆ ಹಾಕೋದು? ಕೂರಿಸಿ ಊಟ ಬಡಿಸು."

ಮೇಷ್ಟ್ರು ಚಾಪೆಯ ಮೇಲೆ ಕೂತರು. ಲುವಾ ಬಾಳೆಲೆ ಬಿಡಿಸಿ ಅಂಟಕ್ಕಿ ಕಡುಬಿನ ಹೋಳು ಹಾಕಿದಳು, ಟೀ ಬಗ್ಗಿಸಿದಳು. ಟೀ ಎಷ್ಟು ಬಿಸಿಯಿತ್ತೆಂದರೆ ಅವರ ನಾಲಿಗೆ ಸುಟ್ಟಿತು. ಕಣ್ಣಲ್ಲಿ ಬಂದ ನೀರಿಗೆ ಅವರು ಅದನ್ನೇ ಕಾರಣ ಹೇಳಿದರು.