ಖಾರ ಹತ್ತದ ಮೆಣಸು

ಮೊನ್ನೆ ಬಿಪಿ ಗುಳಿಗೆ ತರಲು ಹೋದವಳು ಆಸ್ಪತ್ರೆಯ ಗೋಡೆಯ ಮೇಲೆ ಒಂದು ಚಿತ್ರ ಕಂಡೆ. ಹಾವು ಕಚ್ಚಿದರೆ ಕಟ್ಟಬೇಡಿ, ಕೊಯ್ಯಬೇಡಿ, ಕಾಲು ಅಲುಗಿಸದೆ ಬೇಗ ಕರೆತನ್ನಿ ಎಂದಿತ್ತು. ಎಲ್ಲ ಸರಿ, ಮೆಣಸಿನ ಸುದ್ದಿಯೇ ಇಲ್ಲ! ನಾನೊಬ್ಬಳೇ ನಗುವುದನ್ನು ನೋಡಿ ನರ್ಸಮ್ಮ ಇನ್ನೊಮ್ಮೆ ಬಿಪಿ ನೋಡಿದಳು.

ನಿಮಗಾದರೂ ಹೇಳಲೇಬೇಕು. ಅರವತ್ತರ ದಶಕ, ಮಾವಳ್ಳಿಯಿಂದ ಸಂತೆಗುಳಿಗೆ ಸೊಸೆಯಾಗಿ ಬಂದ ಹೊಸತು. ತವರಿನಲ್ಲಿ ನಾವು ಗಂಜಿಗೆ ಕಡುಖಾರದ ಸೂಜಿಮೆಣಸು ನುರಿದುಕೊಂಡು ಉಣ್ಣುವವರು. ಅತ್ತೆಮನೆಯಲ್ಲೋ, ಸಾರಿಗೆ ಒಂದು ಮೆಣಸು ಹೆಚ್ಚಾದರೆ ಮನೆಮಂದಿಗೆಲ್ಲ ಕೆಮ್ಮು. ಅತ್ತೆ ಬಹಳ ಕಡಿಮೆ ಮಾತಿನವರು. ಅವರಿಗೆ ನಾನು ಬೇಡವಾದವಳೆಂದೇ ತಿಳಿದಿದ್ದೆ.

ಒಂದು ಮಧ್ಯಾಹ್ನ ರಾಶಿಯಿಂದ ಕಟ್ಟಿಗೆ ಎಳೆಯುವಾಗ ಪಾದಕ್ಕೆ ಏನೋ ಚುಚ್ಚಿತು. ಹಾವೋ ಚೇಳೋ ಕಂಡವರಿಲ್ಲ. ನಮ್ಮ ಕಡೆ ಹಾವಿನ ಹೆಸರೆತ್ತುವುದಿಲ್ಲ, ‘ಹುಳ ಮುಟ್ಟಿತು’ ಎನ್ನುತ್ತಾರೆ. ಮುಟ್ಟಿದರೆ ಮೊದಲು ಮೆಣಸಿನ ಪರೀಕ್ಷೆ. ಖಾರ ಹತ್ತಿದರೆ ವಿಷವಿಲ್ಲ, ಅರಿಶಿನ ಹಚ್ಚಿ ಮಲಗಿಸುವುದು. ಹತ್ತದಿದ್ದರೆ ವಿಷ ಏರಿತೆಂದೇ ಲೆಕ್ಕ. ಅತ್ತೆ ಹಿತ್ತಿಲ ಹಸಿಮೆಣಸು ಕಿತ್ತು ತಂದು ನನ್ನ ಬಾಯಿಗಿಟ್ಟರು.

“ಖಾರ ಆತೇನೆ?”

“ಇಲ್ಲ ಅತ್ತೆ.”

ಸುಳ್ಳಲ್ಲ, ಆ ಮನೆಯ ಮೆಣಸು ನನ್ನ ಪಾಲಿಗೆ ಸೌತೆಕಾಯಿ. ಇನ್ನೊಂದು ಕೊಟ್ಟರು. ಪಕ್ಕದ ಮನೆಯಿಂದಲೂ ಬಂತು. ನಾನು ಕರುಂಕುರುಂ ತಿನ್ನುತ್ತ ಹೋದಂತೆ ಸುತ್ತ ನಿಂತವರ ಮುಖ ಬಿಳಿಚುತ್ತ ಹೋಯಿತು. ತವರಿನ ನಾಲಿಗೆಯ ಕತೆ ಹೇಳಹೊರಟರೆ, ವಿಷ ತಲೆಗೇರಿ ಬಡಬಡಿಸುತ್ತಿದ್ದಾಳೆ ಎಂದರು. ಮೆಣಸಿನದೇ ದೋಷವಿರಬಹುದೇ ಎಂದು ಕೊನೆಗೆ ಅತ್ತೆ ತಾವೇ ಒಂದನ್ನು ಕಚ್ಚಿದರು. ಕಣ್ಣು ಮೂಗಿನಲ್ಲಿ ನೀರು ಧಾರೆಯಾಗಿ ಇಳಿಯಿತು.

ಯಾರೋ ಮಂತ್ರ ಹಾಕುವವರನ್ನು ಕರೆಯಲು ಹೊರಟರು. ಅತ್ತೆ ಬಾಗಿಲಿಗೆ ಅಡ್ಡ ನಿಂತರು.

“ಮಂತ್ರ ಗಿಂತ್ರ ಎಂತದೂ ಬೇಡ. ಕುಮಟೆಗೆ ಹೊತ್ಕಂಡು ಹೋಗಿ. ನನ್ನ ಹುಡುಗಿ ಉಳೀಬೇಕು.”

ನನ್ನ ಹುಡುಗಿ! ಆ ಕ್ಷಣ ಸತ್ತರೂ ಚಿಂತೆಯಿರಲಿಲ್ಲ ನನಗೆ. ಮಾವ ಬಾಳೆನಾರಿನಿಂದ ಮೊಣಕಾಲು ಬಿಗಿದರು. ಕುರ್ಚಿಗೆ ಬಿದಿರು ಕಟ್ಟಿ, ದೇವರ ಪಲ್ಲಕ್ಕಿಯ ಹಾಗೆ ನನ್ನನ್ನು ಹೊತ್ತು ರಸ್ತೆಗೆ ಓಡಿದರು. ಬಸ್ಸಿನಲ್ಲಿ ಪಾದದ ಬಾವು ಮೀನಖಂಡಕ್ಕೇರಿತು. ಆಗ ನನಗೂ ಜೀವ ಬಾಯಿಗೆ ಬಂತು.

ಕುಮಟೆಯ ಡಾಕ್ಟರು ನಾರು ಬಿಚ್ಚಿಸಿ, ಹೀಗೇ ಬಿಗಿದಿಟ್ಟಿದ್ದರೆ ಕಾಲೇ ಹೋಗುತ್ತಿತ್ತು ಎಂದು ಮಾವನನ್ನು ಗದರಿದರು. ಕಚ್ಚಿದ್ದು ವಿಷದ ಹಾವೇ, ನಡೆಸದೆ ಹೊತ್ತು ತಂದದ್ದರಿಂದ, ಬೇಗ ತಂದದ್ದರಿಂದ ಉಳಿದಳು ಎಂದು ಸೂಜಿ ಚುಚ್ಚಿದರು. ಯೋಚಿಸಿ ನೋಡಿ, ಮೆಣಸು ಒಂದಿಷ್ಟು ಖಾರವಾಗಿದ್ದರೆ ನಾನು ಅರಿಶಿನ ಹಚ್ಚಿಕೊಂಡು ಮನೆಯಲ್ಲೇ ಮಲಗಿರುತ್ತಿದ್ದೆ.

ವಾಪಸು ಬಂದಾಗ ಬಾವಿಕಟ್ಟೆಯ ಪಕ್ಕ ಒಂದು ಸೂಜಿಮೆಣಸಿನ ಸಸಿ ನಿಂತಿತ್ತು. ಯಾರಿಗೆ ಎಂದು ಕೇಳಿದೆ. ಅತ್ತೆ ಮುಖ ಎತ್ತದೆ, ಇನ್ನೊಮ್ಮೆ ಪರೀಕ್ಷೆಗೆ ಬೇಕಲ್ಲ ಎಂದರು. ಊಟಕ್ಕೆ ಕೂತಾಗ ನನ್ನ ಬಟ್ಟಲಿನ ಪಕ್ಕ ದಿನವೂ ಎರಡು ಕಾಯಿ ಇರುತ್ತಿದ್ದವು.

ಅತ್ತೆ ಹೋಗಿ ಬಹಳ ವರ್ಷವಾಯಿತು. ಆ ಗಿಡದ ಬೀಜದ ಬೀಜ ಇನ್ನೂ ಹಿತ್ತಿಲಲ್ಲಿದೆ. ಮೊನ್ನೆ ಆಸ್ಪತ್ರೆಯಿಂದ ಬಂದವಳೇ ಒಂದು ಕಾಯಿ ಕಿತ್ತು ಕಚ್ಚಿದೆ. ಮುದಿ ನಾಲಿಗೆ, ಖಾರ ನೆತ್ತಿಗೇರಿ ಕಣ್ಣಲ್ಲಿ ನೀರು ತುಂಬಿತು. ಬಾವಿಕಟ್ಟೆಯ ಕಡೆ ತಿರುಗಿ ಗಟ್ಟಿಯಾಗಿಯೇ ಹೇಳಿದೆ.

“ಅತ್ತೆ, ಖಾರ ಆತು.”